ಕೆಂದ ನಾಯಿಯ ಕಜ್ಜಿ

ನಮ್ಮ ಮನೆಯಲ್ಲಿ ನಾಯಿಗೆ ಹೊಡೆಯುವಂತಿರಲಿಲ್ಲ. ಮನೆದೇವರು ಮೈಲಾರಲಿಂಗ, ನಾಯಿ ಅವನ ಬಂಟ. ಭಾನುವಾರ ಒಲೆಯಿಂದ ಇಳಿದ ಮೊದಲ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ ನಾಯಿಯ ಮುಂದೆ ಇಡಬೇಕು, ಅದರ ಹಣೆಗೆ ದೇವರ ಅರಿಷಿಣ ಭಂಡಾರ ಹಚ್ಚಬೇಕು, ಅದು ತಿಂದ ಮೇಲೆ ನಾವು ಉಣ್ಣಬೇಕು. ಬೇರೆಯವರ ಮನೆಯಲ್ಲಿ ನಾಯಿ ಅಡಿಗೆಮನೆಗೆ ನುಗ್ಗಿದರೆ ಉರಿಯುವ ಕೊಳ್ಳಿ ಎತ್ತಿ ಎಸೆಯುತ್ತಿದ್ದರು. ನಮ್ಮ ಅವ್ವ ಮಾತ್ರ ಸೆರಗು ಬೀಸಿ, "ಹೋಗ್ ತಾಯಿ, ಹೊರಗ ಕುಂದರು" ಎಂದು ಮನೆಗೆ ಬಂದ ಹಿರಿಯರಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿದ ನಾನು ಕೈಯಾರೆ ಒಂದು ನಾಯಿಯನ್ನು ಕೊಂದೆ. ಕೋಲೆತ್ತಿ ಹೊಡೆಯಲಿಲ್ಲ, ಮದ್ದು ಹಚ್ಚಿ ಕೊಂದೆ. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೇನೆ. ಎರಡನ್ನೂ ಬರೆಯಲೆಂದೇ ಕುಳಿತಿದ್ದೇನೆ.

ನಾಯಿ ಕಾಕಾನದು. ಕಾಕಾ ಎಂದರೆ ಅಪ್ಪನ ತಮ್ಮ. ಅವನಿಗೆ ಹದಿನೆಂಟೋ ಹತ್ತೊಂಬತ್ತೋ ಇದ್ದಾಗ ತುಟಿಯ ಅಂಚಿನಲ್ಲಿ ಒಂದು ಬಿಳಿ ಕಲೆ ಕಾಣಿಸಿತಂತೆ. ವರ್ಷ ತುಂಬುವುದರೊಳಗೆ ಬೆರಳ ತುದಿ, ಮೊಣಕೈ, ಕಣ್ಣ ರೆಪ್ಪೆಗಳಿಗೆಲ್ಲ ಹಬ್ಬಿತು. ತೊನ್ನು. ಅವನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಒಂದು ಮಾತೂ ಆಡದೆ ಹಿಂದೆ ಸರಿದರು. ಕಾಕಾ ತನ್ನ ಹಾಸಿಗೆ ಸುತ್ತಿಕೊಂಡು ಹೊಲದ ಗುಡಿಸಲಿಗೆ ಹೋಗಿ ಅಲ್ಲೇ ನಿಂತ. ಹೋಗು ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಹೇಳಲಿಲ್ಲ. ಎರಡು ಹೊತ್ತು ಊಟಕ್ಕೆ ಮನೆಗೆ ಬರುತ್ತಿದ್ದ. ಎತ್ತು ಕಟ್ಟುವ ಕಡೆಯ ಗೋಡೆಯ ಗೂಡಿನಲ್ಲಿ ಅವನ ತಾಟು, ಅವನ ಚರಿಗೆ. ತಾನೇ ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ, ಅವ್ವ ಮೇಲಿನಿಂದ ನೀಡುತ್ತಿದ್ದಳು. ನನಗೆ ತಿಳಿವಳಿಕೆ ಬಂದಾಗಿನಿಂದ ನೋಡಿದ್ದು ಇದೇ. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಹೊಲದಲ್ಲಿ ಅವನಿಗೆ ಜೊತೆಯಾಗಿದ್ದದ್ದು ಆ ಕೆಂದ ಹೆಣ್ಣುನಾಯಿ. ಮರಿಯಿದ್ದಾಗ ಎಲ್ಲಿಂದಲೋ ಬಂದು ಗುಡಿಸಲಿನ ಬೂದಿಗುಂಡಿಯಲ್ಲಿ ಮಲಗಿತ್ತಂತೆ. ಕಾಕಾ ಊಟಕ್ಕೆ ಬಂದರೆ ಅದೂ ಬರುತ್ತಿತ್ತು. ಅವನು ಕಟ್ಟೆಯ ಮೇಲೆ ಕುಳಿತರೆ ಅವನ ಮೊಣಕಾಲಿಗೆ ಬೆನ್ನು ಒತ್ತಿ ಕೂರುತ್ತಿತ್ತು. ಅವನನ್ನು ಮುಟ್ಟಿ ಕೂರುವ ಜೀವ ಲೋಕದಲ್ಲಿ ಅದೊಂದೇ. ಇದು ಈಗ ಹೊಳೆಯುವ ಮಾತು. ಆಗ ಅದು ನನ್ನ ಕಣ್ಣಿಗೆ ಬರೀ ನಾಯಿ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮದು ಅಣ್ಣಿಗೇರಿ ಮತ್ತು ನವಲಗುಂದದ ನಡುವಿನ ಎರೆಹೊಲದ ಊರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದೆ. ಆ ದೀಪಾವಳಿ ಮುಗಿದ ಮೇಲೆ ನಾಯಿ ಕೆರೆದುಕೊಳ್ಳಲು ಶುರು ಮಾಡಿತು. ಮೊದಲು ಕಿವಿಯ ಅಂಚು, ಆಮೇಲೆ ಮುಂಗಾಲಿನ ಮೊಣಕೈ, ಹೊಟ್ಟೆಯ ಕೆಳಗೆ. ಉಣ್ಣೆಯೋ ಚಿಗಟವೋ ಇರಬೇಕೆಂದು ಕಾಕಾ ಬೆರಳಿನಿಂದ ಕೂದಲು ಬಿಡಿಸಿ ಬಿಡಿಸಿ ನೋಡಿದ. ಏನೂ ಸಿಗಲಿಲ್ಲ. ಚಳಿ ಹೆಚ್ಚಿದಂತೆ ಕೂದಲು ಚಕ್ಕೆ ಚಕ್ಕೆಯಾಗಿ ಉದುರಿತು. ಉದುರಿದ ಕಡೆ ಚರ್ಮ ದಪ್ಪವಾಗಿ ನೆರಿಗೆಗಟ್ಟಿ ಮೇಲೆ ಬಿಳಿ ಹೊಟ್ಟು ಕಟ್ಟಿತು. ಕೆಂಪು ಮೈಯ ನಡುವೆ ಬಿಳಿಬಿಳಿ ತೇಪೆ. ಊಟ ಬಿಟ್ಟು ಕೆರೆದುಕೊಳ್ಳುತ್ತಿತ್ತು, ನಿದ್ದೆ ಬಿಟ್ಟು ಕೆರೆದುಕೊಳ್ಳುತ್ತಿತ್ತು. ನಡೆಯುತ್ತ ನಡೆಯುತ್ತಲೇ ನಿಂತು ಗೋಡೆಗೆ ಮೈ ಉಜ್ಜುತ್ತಿತ್ತು. ಅದು ಉಜ್ಜಿದ ಕಡೆ ಗೋಡೆಯ ಮೇಲೆ ರಕ್ತದ ಗೆರೆ ಮೂಡುತ್ತಿತ್ತು. ಹತ್ತಿರ ಬಂದರೆ ಹುಳಿತ ಹಿಟ್ಟಿನ ವಾಸನೆ.

ಊರಿನಲ್ಲಿ ಎಲ್ಲರೂ ವೈದ್ಯರೇ. ಹಬ್ಬಕ್ಕೆ ಹೋಳಿಗೆ ಹಾಕಿದ್ದಕ್ಕೆ ಹೀಗಾಗಿದೆ, ಬೆಲ್ಲ ತಿಂದ ನಾಯಿಗೆ ಕೂದಲು ನಿಲ್ಲುವುದಿಲ್ಲ ಎಂದು ಅವ್ವ ತನ್ನನ್ನೇ ಬೈದುಕೊಂಡಳು. ಉಪ್ಪಿನಿಂದ ಎಂದರು ಬಾಜೂ ಮನೆಯವರು. ಬೂದಿಯಲ್ಲಿ ಮಲಗಿ ಮೈ ಕಾವು ಏರಿ ರಕ್ತ ಕೆಟ್ಟಿದೆ ಎಂದ ಅಪ್ಪ. ಈ ಮಾತುಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಕೆರೆಯಲ್ಲಿ ಕೊಡ ತುಂಬಿಸುತ್ತಿದ್ದಾಗ ನನ್ನ ಹಿಂದೆ ನಿಂತಿದ್ದ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು. ನನಗೆ ಕೇಳಲೆಂದೇ ಹೇಳಿದಳು.

"ಆ ತೊನ್ನ ನಾಯಿಗೂ ಹತ್ತೇತಂತ ನೋಡಬೇ. ನಾಯಿಗೇ ಹತ್ತಿದ ಮ್ಯಾಲ ಮನಷ್ಯಾರಿಗೆ ಹತ್ತೂದಿಲ್ಲೇನ?"

ಅಷ್ಟರಲ್ಲಾಗಲೇ ನನಗೊಂದು ಸಂಬಂಧ ಬಂದಿತ್ತು. ಸಂಶಿಯ ಕಡೆಯವರು. ಅವರೂ ಮೈಲಾರನ ಒಕ್ಕಲು. ಕಾಕಾನ ವಿಷಯ ಅವರಿಂದ ಮುಚ್ಚಿಟ್ಟಿರಲಿಲ್ಲ, ಮುಚ್ಚಿಟ್ಟರೂ ನಿಲ್ಲುವಂಥದಲ್ಲ. ಅವರಲ್ಲಿ ಒಬ್ಬರು ಹಿರಿಯರು, "ಅದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ಲ, ಮುಂದ ನಡೀರಿ" ಎಂದಿದ್ದರಿಂದಲೇ ಮಾತು ಇಲ್ಲಿಯವರೆಗೆ ಬಂದಿತ್ತು. ಅವರು ಹೆಣ್ಣು ನೋಡಲು ಬರುವುದಕ್ಕೆ ಹತ್ತು ದಿನ ಉಳಿದಿತ್ತು. ಬರುವ ಮುಂಚೆ ಊರಲ್ಲಿ ವಿಚಾರಿಸದೆ ಬಿಡುವವರಲ್ಲ. ಕೆರೆಯ ಮೇಲಿನ ಮಾತು ಅವರ ಕಿವಿಗೆ ಬಿದ್ದರೆ ಆ ಹಿರಿಯರ ಮಾತು ಯಾರು ಕೇಳುತ್ತಾರೆ? ನನ್ನ ಹಿಂದೆ ತಂಗಿ ಬೇರೆ ಇದ್ದಳು. ಆ ಹೊತ್ತಿಗೆ ನನ್ನ ಬಾಳೆಲ್ಲ ಒಂದು ನಾಯಿಯ ಮೈಮೇಲೆ ಕೂದಲು ಬರುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ ಎಂದು ನಾನು ಪೂರಾ ನಂಬಿದ್ದೆ. ಈಗ ಯೋಚಿಸಿದರೆ, ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ನಾಯಿಯನ್ನು ಅಟ್ಟಿಬಿಡುವ ದಾರಿ ನಮಗಿರಲಿಲ್ಲ. ಹೊಲದಲ್ಲೇ ಕಟ್ಟಿಹಾಕಿದರೆ ಕಾಕಾನನ್ನು ಕಾಣದೆ ಹಗ್ಗ ಕಡಿದು ಬರುತ್ತಿತ್ತು. ವಾಸಿ ಮಾಡುವುದೊಂದೇ ಉಳಿದ ದಾರಿ.

ಅದೇ ದಿನಗಳಲ್ಲಿ ಬೀಗರು ಬರುವರೆಂದು ಗಾದಿಯ ಹತ್ತಿ ಬಡಿಯಲು ಶಲವಡಿಯ ಕಡೆಯಿಂದ ನದಾಫ ಅಜ್ಜ ಬಂದಿದ್ದ. ಪ್ರತಿ ವರ್ಷ ಬರುವವನೇ. ಅಂಗಳದಲ್ಲಿ ಕುಳಿತು ಬಿಲ್ಲು ಮಿಡಿಯುತ್ತ ಹತ್ತಿ ಹಿಂಜುವಾಗ ನಾಯಿ ಗೋಡೆಗೆ ಮೈ ತಿಕ್ಕುವುದನ್ನು ನೋಡಿ ಬಿಲ್ಲು ಕೆಳಗಿಟ್ಟ. ಒಂದು ಕಡ್ಡಿ ತೆಗೆದುಕೊಂಡು ಅದರ ಕಿವಿಯ ಅಂಚನ್ನು ಮೆಲ್ಲಗೆ ಉಜ್ಜಿದ. ನಾಯಿಯ ಹಿಂಗಾಲು ತಾನೇ ತಾನಾಗಿ ಗಾಳಿಯಲ್ಲಿ ಕೆರೆಯತೊಡಗಿತು.

"ಇದು ಕಜ್ಜಿ ಬೇಟಿ," ಎಂದ ನನಗೆ. "ಕಣ್ಣಿಗೆ ಕಾಣಲಾರದ ಹುಳ ಚರ್ಮದಾಗ ತೂತ ಕೊರೀತೈತಿ. ನರಿಗೋಳ ಮೈಯಾಗ ಇರತಾವ ಇವು. ಹಳ್ಳದ ದಂಡಿಗೆ ನರಿ ಗುದ್ದಿನ್ಯಾಗ ಹೊಕ್ಕಿರಬೇಕ ಇದು. ನಮ್ಮ ನಾಯಿಗೂ ಹಿಂಗ ಆಗಿತ್ತು."

ಅವ್ವ ಒಳಗಿನಿಂದ ಹೊರಗೆ ಬಂದಳು. "ಹಂಗಾರ ನಮ್ಮ ಮೈದುನನ ಮೈದಲ್ಲೇನ್ರಿ ಅದು?"

"ತೊಬಾ ತೊಬಾ! ಅದ ಬ್ಯಾರೆ, ಇದ ಬ್ಯಾರೆರೀ ಅವ್ವಾರ. ಗಂಧಕ ತರಸ್ರಿ, ಕೊಬ್ಬರಿ ಎಣ್ಣ್ಯಾಗ ಅರದು ಹಚ್ರಿ. ಮೂರ ವಾರ ಹಚ್ಚಬೇಕ್ರಿ. ಒಂದ ದಿನದಾಗ ಆಗೂ ಮಾತಲ್ಲ ಇದು. ಕೂದಲಾ ಬರಾಕ ಮತ್ತ ಒಂದ ತಿಂಗಳ ಹಿಡೀತೈತಿ."

"ಹತ್ತ ದಿನಕ್ಕ ಬೀಗರ ಬರತಾರರೀ, ಅಜ್ಜಾರ," ಎಂದಳು ಅವ್ವ. ಅಜ್ಜ ಬಿಲ್ಲು ಎತ್ತಿಕೊಂಡು ಮತ್ತೆ ಹತ್ತಿ ಹಿಂಜತೊಡಗಿದ.

ಕಾಕಾ ಆಗಲೇ ಉಂಡು ಹೊಲಕ್ಕೆ ಹೋಗಿದ್ದ, ನಾಯಿ ಮಾತ್ರ ಕೆರೆದುಕೊಳ್ಳುತ್ತ ಹಿಂದೆ ಉಳಿದಿತ್ತು. ನದಾಫ ಅಜ್ಜನ ಮಾತು ಕೇಳಿದವರು ಅವ್ವ ಮತ್ತು ನಾನು, ಇಬ್ಬರೇ. ಮರುದಿನ ಕೆರೆಗೆ ಹೋದಾಗ ಆ ಹೆಂಗಸಿಗೆ ಗಟ್ಟಿಯಾಗಿ ಹೇಳಬಹುದಿತ್ತು, ಅದು ನರಿಯ ಕಜ್ಜಿ, ನಮ್ಮ ಕಾಕಾನದಲ್ಲ ಎಂದು. ಹೇಳಲಿಲ್ಲ. ಕಾಕಾನ ಹೆಸರನ್ನೂ ನನ್ನ ಬಾಯನ್ನೂ ನಾಲ್ಕು ಜನರೆದುರು ಒಟ್ಟಿಗೆ ತರುವುದಕ್ಕೆ ನನಗೆ ನಾಚಿಕೆಯಾಯಿತು. ಕೊಡ ಹೊತ್ತುಕೊಂಡು ಸುಮ್ಮನೆ ಬಂದೆ.

ಮನೆಯಲ್ಲಿ ಜೋಳಕ್ಕೆ ಹುಳು ಬಿದ್ದಾಗ ಉದುರಿಸುವ ಬಿ.ಎಚ್.ಸಿ. ಪುಡಿ ಅರ್ಧ ಚೀಲ ಇತ್ತು. ಊರಿನ ಬಾಯಲ್ಲಿ ಅದು ಬರೀ ಪೌಡರು. ಯಾವ ಮನೆಯಲ್ಲಿ ಇರಲಿಲ್ಲ ಅದು? ಇರುವೆಗೆ ಅದೇ, ತಿಗಣೆಗೆ ಅದೇ, ಕಾಳಿನ ಹಗೇವಿಗೂ ಅದೇ. ಎತ್ತುಗಳಿಗೆ ಹೇನು ಬಿದ್ದರೆ ಬೂದಿಯಲ್ಲಿ ಬೆರೆಸಿ ಬೆನ್ನಿಗೆ ತೂರುತ್ತಿದ್ದೆವು, ಎರಡೇ ದಿನದಲ್ಲಿ ಹೇನು ಉದುರುತ್ತಿದ್ದವು, ಎತ್ತಿಗೆ ಏನೂ ಆಗುತ್ತಿರಲಿಲ್ಲ. ಹುಳುವೆಂದ ಮೇಲೆ ಹುಳುವಿನ ಪುಡಿಯನ್ನೇ ಹಚ್ಚೋಣ, ಮೂರು ವಾರ ಯಾಕೆ ಕಾಯಬೇಕು ಎಂದವಳು ನಾನೇ. ಅವ್ವ ಹೂಂ ಎಂದಳು. ಮೊದಲ ದಿನ ಒಣಪುಡಿ ತೂರಿದೆ. ನಾಯಿ ಒಂದು ಸಲ ಮೈ ಕೊಡವಿತು, ಪುಡಿಯೆಲ್ಲ ನೆಲಕ್ಕೆ. ನೀರಿನಲ್ಲಿ ಕಲಸಿದೆ, ಕೂಡಲಿಲ್ಲ, ಮೇಲೆ ತೇಲಿತು.

ಆಗ ನನಗೆ ಎಣ್ಣೆಯ ನೆನಪಾಯಿತು. ನಮ್ಮಲ್ಲಿ ಎಣ್ಣೆ ಇಲ್ಲದ ಮದ್ದೇ ಇಲ್ಲ. ಗಾಯಕ್ಕೆ ಅರಿಷಿಣ ಎಣ್ಣೆ, ಕೂಸಿನ ಎದೆಗೆ ಕರ್ಪೂರದ ಎಣ್ಣೆ, ಎತ್ತಿನ ಹೆಗಲು ಹುಣ್ಣಾದರೆ ಬೇವಿನ ಪುಡಿ ಕಲಸಿದ ಎಣ್ಣೆ. ಪುಡಿ ಯಾವುದೇ ಇರಲಿ, ಕುಸುಬಿ ಎಣ್ಣೆಯಲ್ಲಿ ಕಲಸಿದರೆ ಅದು ಮದ್ದು. ಹೊಲದ ಬದುವಿನಲ್ಲಿ ಬೆಳೆದ ಕುಸುಬಿ, ಗಾಣಕ್ಕೆ ಹಾಕಿಸಿ ತಂದ ಎಣ್ಣೆ ಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಒಂದು ಬಟ್ಟಲ ತುಂಬ ಪುಡಿ ಹಾಕಿ, ಎಣ್ಣೆ ಸುರಿದು, ಬೆರಳಿನಿಂದ ಕಲಸಿದೆ. ಮೂಗಿಗೆ ಅಡರುವ ವಾಸನೆ. ಚೆನ್ನಾಗಿ ಅಂಟಿಕೊಳ್ಳುವಷ್ಟು ಗಟ್ಟಿಯಾಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಬೆಳಗಿನ ಊಟಕ್ಕೆ ಬಂದ ಕಾಕಾನಿಗೆ, ನಾಯಿಯನ್ನು ಹಿಡಿದುಕೋ ಎಂದೆ.

"ಏನಬೇ ಅದು?"

"ಮದ್ದ ಕಾಕಾ. ನಾಳಿಗೆ ಕೆರಕೊಳ್ಳೂದ ನಿಂದರತೈತಿ."

"ಹಚ್ಚಬೇ, ಹಚ್ಚು. ನೀ ಓದಿದಾಕಿ, ನಿನಗ ತಿಳೀತೈತಿ," ಎಂದು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ನಾನು ಕಿವಿಯಿಂದ ಬಾಲದವರೆಗೆ ಬಳಿದೆ. ಕೆರೆದು ಹಸಿಯಾದ ಕಡೆ ಇನ್ನಷ್ಟು ತಿಕ್ಕಿದೆ. ಉರಿಯಿತೋ ಏನೋ, ನಾಯಿ ಕುಂಯ್‌ಗುಟ್ಟಿತು, ಆದರೆ ಅವನ ತೊಡೆ ಬಿಟ್ಟು ಏಳಲಿಲ್ಲ. "ಆತವಾ, ಆತು. ಚಂದ ಆಗತಿ ಇನ್ನ," ಎಂದು ಕಾಕಾ ಅದಕ್ಕೆ ಹೇಳುತ್ತಲೇ ಇದ್ದ. ಬಟ್ಟಲು ಬರಿದಾಗುವವರೆಗೆ ಹಚ್ಚಿದೆ. ಆಮೇಲೆ ಕಾಕಾ ಕೈ ಮುಂದೆ ಮಾಡಿದ, ನಾನು ಸೋಪನ್ನು ಕಲ್ಲಿನ ಮೇಲಿಟ್ಟು, ಚರಿಗೆಯನ್ನು ಎತ್ತರಕ್ಕೆ ಹಿಡಿದು ನೀರು ಹಾಕಿದೆ. ಅವನ ಕೈ ನನ್ನ ಕೈಗೆ ತಾಗಬಾರದಲ್ಲ! ಅವನ ನಾಯಿಯ ಮೈಯೆಲ್ಲ ಆಗತಾನೇ ತಿಕ್ಕಿದ್ದು ನನ್ನ ಇದೇ ಕೈ.

ಎತ್ತಿನ ಕಡೆ ನೆರಳಿಗೆ ನಾಯಿಯನ್ನು ಕಟ್ಟಿ ಕಾಕಾ ಹೊಲಕ್ಕೆ ಹೋದ. ಅದು ಮೈ ನೆಕ್ಕಿಕೊಳ್ಳುತ್ತ ಮಲಗಿತ್ತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅದರ ತುಟಿ ಅದುರುತ್ತಿತ್ತು. ಬಾಯಿಂದ ಜೊಲ್ಲು ಇಳಿಯಿತು. ಏನೂ ಇಲ್ಲದ ಕಡೆ ಬೆಚ್ಚಿಬೀಳುತ್ತಿತ್ತು. ಅವ್ವ ನನ್ನ ಮುಖ ನೋಡಿದಳು, ನಾನು ಹೊಲಕ್ಕೆ ಓಡಿದೆ. ಕಾಕಾ ಬರುವಷ್ಟರಲ್ಲಿ ನಾಯಿ ಮಗ್ಗುಲಾಗಿ ಬಿದ್ದು ನಾಲ್ಕೂ ಕಾಲು ಸೆಟೆಸಿ ಓಡುವ ಹಾಗೆ ಬಡಿಯುತ್ತಿತ್ತು. ಕೊಡಗಟ್ಟಲೆ ನೀರು ಸುರಿದೆವು. ಎಣ್ಣೆ ನೀರಿಗೆ ಹೋಗುತ್ತದೆಯೇ? ವಿಷ ಇಳಿಯಲೆಂದು ಅವ್ವ ತುಪ್ಪ ಕಾಯಿಸಿ ತಂದಳು. ಕಾಕಾ ಅದರ ದವಡೆ ಬಿಡಿಸಿ ತುಪ್ಪ ಹಾಕುವಾಗ ಮತ್ತೆ ಸೆಟೆಯಿತು, ಹಲ್ಲು ಅವನ ಹೆಬ್ಬೆರಳಿನ ಬುಡಕ್ಕೆ ಇಳಿದವು. ಅವನು ಕೈ ಕಿತ್ತುಕೊಳ್ಳಲಿಲ್ಲ. ದವಡೆ ತಾನೇ ಸಡಿಲವಾಗುವವರೆಗೆ ಹಾಗೇ ಇಟ್ಟುಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ನಾಯಿ ಸತ್ತಿತು. ಕಣ್ಣು ತೆರೆದೇ ಇದ್ದವು.

ಅಣ್ಣಿಗೇರಿ ಸಂತೆಗೆ ಹೋಗಿದ್ದ ಅಪ್ಪ ಬಸ್ಸಿಳಿದು ಮನೆಗೆ ಬಂದಾಗ ಬಾಗಿಲಲ್ಲಿ ಆರೇಳು ಜನ ಸೇರಿದ್ದರು. ಅಂಗಳವೆಲ್ಲ ನೀರು, ನಡುವೆ ನಾಯಿ, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಅಪ್ಪ ಬಟ್ಟಲು ನೋಡಿದ, ನನ್ನ ಕೈ ನೋಡಿದ. ಎಲ್ಲ ಅವನಿಗೆ ಗೊತ್ತಾಯಿತು. ಮೈಲಾರನ ಮನೆಯಲ್ಲಿ ನಾಯಿಗೆ ವಿಷ ಹಾಕಿ ಕೊಂದರು ಎಂಬ ಮಾತು ಹುಟ್ಟಿದರೆ, ಅದೇ ದೇವರ ಒಕ್ಕಲಾದ ಸಂಶಿಯವರು ನಮ್ಮ ಮನೆಯ ನೀರು ಕೂಡ ಮುಟ್ಟುವುದಿಲ್ಲ.

"ಏನಾತ್ರೀ?" ಎಂದು ಬಾಗಿಲಿನವರು ಕೇಳಿದರು.

"ಹುಚ್ಚ ಹಿಡದಿತ್ತು," ಎಂದ ಅಪ್ಪ. ಕಣ್ಣು ಮಿಟುಕಿಸಲಿಲ್ಲ. "ಎರಡ ದಿನದಿಂದ ಲಕ್ಷಣ ಚಲೋ ಇರಲಿಲ್ಲ."

ಹುಚ್ಚುನಾಯಿ ಸತ್ತರೆ ಯಾರಿಗೂ ಪಾಪವಿಲ್ಲ. ಕೂದಲು ಉದುರಿದ್ದಕ್ಕೂ ಅದೇ ಕಾರಣವಾಯಿತು. ಒಂದೇ ಮಾತಿನಲ್ಲಿ ಅಪ್ಪ ನನ್ನನ್ನೂ ನನ್ನ ಮದುವೆಯನ್ನೂ ಉಳಿಸಿದ. ಅಷ್ಟರಲ್ಲಿ ಗುಂಪಿನಿಂದ ಯಾರೋ ಕಾಕಾನ ಕೈ ತೋರಿಸಿ, "ಕಡದೈತಲ್ಲರೀ! ಹುಚ್ಚನಾಯಿ ಕಡದ ಮ್ಯಾಲ ಹೊಟ್ಟಿಗೆ ಹದಿನಾಕ ಸೂಜಿ ಆಗಬೇಕು. ಲಗೂ ಕರಕೊಂಡ ಹೋಗ್ರಿ" ಎಂದರು.

ಅಪ್ಪ ಕಾಕಾನನ್ನು ಒಳಗೆ ಕರೆದ. ನನಗೆ ತಿಳಿದ ಮಟ್ಟಿಗೆ ಕಾಕಾ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಾಗಿಲು ಮುಚ್ಚಿ ನಾವು ನಾಲ್ವರೇ ನಿಂತೆವು.

"ಅಣ್ಣಾ, ಅದಕ್ಕ ಹುಚ್ಚ ಇರಲಿಲ್ಲೋ," ಎಂದ ಕಾಕಾ.

"ನನಗ ಗೊತ್ತಿಲ್ಲೇನ? ಆದರ ನೀ ಸೂಜಿ ಮಾಡಿಸಿಕೊಳ್ಳಲಿಲ್ಲಂದ್ರ ಊರ ನಂಬತೈತೇನ? ಇಕಿ ಮದಿವಿ..." ಎಂದ ಅಪ್ಪ.

ಕಾಕಾ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ ಅದು. ಸಿಟ್ಟು ಮಾಡಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಬಾಯಿ ಬಿಡಲು ನನಗೂ ಆಗ ಅವಕಾಶವಿತ್ತು. ನಾನು ನೆಲ ನೋಡಿದೆ.

"ಆತು. ಹೋಗೂಣು," ಎಂದ ಕಾಕಾ.

ನಮ್ಮ ಮನೆಯಲ್ಲಿ ನಾಯಿ ಸತ್ತರೆ ಹಣೆಗೆ ಭಂಡಾರ ಹಚ್ಚಿ ಹೊಲದ ಬದುವಿನಲ್ಲಿ ಮಣ್ಣು ಮಾಡುವುದು ರೂಢಿ. ಹುಚ್ಚುನಾಯಿಗೆ ಅದಿಲ್ಲ. ಕಾಲಿಗೆ ಹಗ್ಗ ಕಟ್ಟಿ ಊರ ನಡುವೆ ಎಳೆದುಕೊಂಡು ಹೋಗಿ ಹಳ್ಳದಾಚೆ ಎಸೆದರು. ಎಳೆದ ಗುರುತು ಧೂಳಿನಲ್ಲಿ ಉದ್ದಕ್ಕೂ ಮೂಡಿತ್ತು. ಬಸ್ ಸ್ಟ್ಯಾಂಡಿಗೆ ಹೋಗಲು ಅಪ್ಪನೂ ಕಾಕಾನೂ ಅದೇ ದಾರಿ ಹಿಡಿಯಬೇಕಾಯಿತು.

ನವಲಗುಂದದ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ನಾಯಿಗೆ ಹುಚ್ಚಿತ್ತೇ ಎಂದು ಕೇಳಿದರಂತೆ. ಇತ್ತು ಎಂದ ಅಪ್ಪ. ಅವರು ತಮ್ಮ ಕೆಲಸ ಮಾಡಿದರು, ಅವರ ತಪ್ಪೇನಿಲ್ಲ. ಹದಿನಾಲ್ಕು ದಿನ, ದಿನಕ್ಕೊಂದರಂತೆ ಹೊಕ್ಕಳ ಸುತ್ತ ಸೂಜಿ. ದಿನಾ ಬಸ್ಸಿಗೆ ಬಂದು ಹೋಗಬಹುದಿತ್ತು. "ಅಡ್ಡಾಡೂದ ಯಾಕ, ಅಲ್ಲೇ ಇರಲಿ" ಎಂದ ಅಪ್ಪ, ಒಂದು ಗುಡಿಯ ಪಡಸಾಲೆಯಲ್ಲಿ ಅವನಿಗೆ ಜಾಗ ಮಾಡಿಕೊಟ್ಟು ಬಂದ. ಬೀಗರು ಬರುವ ದಿನ ಕಾಕಾ ಊರಲ್ಲಿ ಇರುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರಿಗೂ ಸಮಾಧಾನವಾಗಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆರನೆಯ ದಿನ ಅವ್ವನೂ ನಾನೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆವು. ದವಾಖಾನೆಯ ಬೇವಿನ ಗಿಡದ ಕೆಳಗೆ ಕಾಕಾ ಕುಳಿತಿದ್ದ. ಎದ್ದು ನಿಲ್ಲುವಾಗ ಹೊಟ್ಟೆ ಹಿಡಿದುಕೊಂಡ. ಅವ್ವ ಕೇಳಿದ್ದಕ್ಕೆ ಅಂಗಿ ಎತ್ತಿ ತೋರಿಸಿದ. ಆರು ಕಡೆ ಬಾತು ಗಡ್ಡೆ ಕಟ್ಟಿತ್ತು. ಕೆಲವು ಕಪ್ಪು ಚರ್ಮದ ಮೇಲೆ, ಕೆಲವು ಬಿಳಿ ಚರ್ಮದ ಮೇಲೆ. ಬಿಳಿಯ ಮೇಲಿನವು ಕೆಂಪಗೆ ಎದ್ದು ಕಾಣುತ್ತಿದ್ದವು.

"ಇನ್ನ ಎಂಟಕ್ಕ ಜಾಗಾ ಎಲ್ಲಿ ಹುಡಕತಾರೋ ಏನ," ಎಂದು ನಕ್ಕ. ಆಮೇಲೆ ನನ್ನನ್ನು ಕೇಳಿದ, "ಅವರ ಬರೂದು ಯಾವತ್ತ?"

"ಸ್ವಾಮಾರ ಕಾಕಾ."

"ಚಂದಾಗಿ ಕುಂದರು. ಅಂಜಬ್ಯಾಡ." ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡವನು ಅಗಿಯುವುದನ್ನು ನಿಲ್ಲಿಸಿದ. "ತಪ್ಪ ನಂದ ಐತಿ ಬಿಡು. ನನ್ನ ಬಾಜೂಕ ಮಕ್ಕೋತಿತ್ತು, ನನ್ನ ತಾಟಿನ್ಯಾಗ ತಿಂತಿತ್ತು. ನನ್ನ ಮೈಯಾಂದ ಹತ್ತಿತು ಅದಕ್ಕ. ನೀ ಚಲೋದಕ್ಕ ಮಾಡಾಕ ಹೋದಿ."

ಅವ್ವ ಬೇರೆ ಕಡೆ ಮುಖ ತಿರುಗಿಸಿದಳು. ನನ್ನ ಬಾಯಿಗೆ ನದಾಫ ಅಜ್ಜನ ಮಾತು ಬಂದಿತ್ತು. ಅದನ್ನು ಹೇಳಿದರೆ ಗಂಧಕದ ಮಾತೂ ಹೇಳಬೇಕು, ಮೂರು ವಾರ ಕಾದಿದ್ದರೆ ನಾಯಿ ಬದುಕುತ್ತಿತ್ತು ಎಂಬುದನ್ನೂ ಹೇಳಬೇಕು. ಆಗ ಈ ಸೂಜಿಗಳೆಲ್ಲ ಯಾತಕ್ಕೆ ಎಂಬ ಪ್ರಶ್ನೆ ಬರುತ್ತದೆ. ನಾನು ಮಾತು ನುಂಗಿದೆ. ಅವನು ಅದನ್ನೇ ನಂಬಿಕೊಂಡಿರಲಿ ಎಂದು ಬಿಟ್ಟುಬಂದೆ. ಮೊದಲೇ ಹೇಳಿದೆನಲ್ಲ, ನಾಯಿ ಕೊಂದದ್ದಕ್ಕಿಂತ ಕೆಟ್ಟದ್ದು ಎಂದು. ಅದು ಇದು.

ಸೋಮವಾರ ಬೀಗರು ಬಂದರು. ಹುಡುಗನ ತಾಯಿ ನನ್ನನ್ನು ಬೆಳಕಿಗೆ ಕೂರಿಸಿ ಕೈ ನೋಡಿದರು, ಕುತ್ತಿಗೆ ನೋಡಿದರು, ಕುಪ್ಪಸದ ತೋಳು ಮೇಲೆ ಸರಿಸಿ ಮೊಣಕೈ ನೋಡಿದರು, ತುಟಿಯ ಅಂಚನ್ನು ಹತ್ತಿರದಿಂದ ನೋಡಿದರು. ಎಲ್ಲೂ ಏನೂ ಇರಲಿಲ್ಲ. ಹುಚ್ಚುನಾಯಿಯ ಕಥೆಯನ್ನು ಊರಿನವರೇ ಅವರಿಗೆ ಹೇಳಿದ್ದರು. "ಪಾಪ, ನಿಮ್ಮ ಮೈದುನಗ ಕಡೀತಂತಲ್ಲರೀ" ಎಂದು ಅವ್ವನಿಗೆ ಮರುಕದಿಂದ ಹೇಳಿದರು ಕೂಡ. ಸಂಬಂಧ ಗಟ್ಟಿಯಾಯಿತು. ಅಕ್ಷತೆಯ ದಿನ ಕಾಕಾ ಎತ್ತು ನೋಡಿಕೊಳ್ಳುವ ನೆವದಲ್ಲಿ ಹೊಲದಲ್ಲೇ ಉಳಿದ.

ಗಂಡನ ಮನೆಯಲ್ಲಿ ಮೂರು ವರ್ಷವಾಗಿತ್ತು. ಅಲ್ಲಿನ ನಾಯಿಗೂ ಒಂದು ಚಳಿಗಾಲ ಅದೇ ಕಾಯಿಲೆ ಬಂತು, ಅದೇ ಕಿವಿಯ ಅಂಚು, ಅದೇ ಮೊಣಕೈ. ಮಾವನವರು ನಾಯಿಯ ಜೊತೆ ನನ್ನನ್ನು ದನದ ದವಾಖಾನೆಗೆ ಕಳಿಸಿದರು. ಡಾಕ್ಟರು ಗಂಧಕದ ಮುಲಾಮು ಕೊಟ್ಟರು. ನದಾಫ ಅಜ್ಜ ಹೇಳಿದ್ದನ್ನೇ ಅವರೂ ಹೇಳಿದರು. ನಾನು ಯಾರದೋ ಮನೆಯಲ್ಲಿ ನಡೆದದ್ದೆಂಬಂತೆ, ಪೌಡರನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಏನಾಗುತ್ತದೆ ಎಂದು ಕೇಳಿದೆ. "ಒಣಪುಡಿ ಉದುರಿ ಹೋಗುತ್ತೆ. ಎಣ್ಣೆಯಲ್ಲಿ ಕಲಸಿದರೆ ಚರ್ಮ ಕುಡಿದುಬಿಡುತ್ತೆ. ಉಳಿಯೋದಿಲ್ಲ," ಎಂದರು. ನಮ್ಮ ನಾಯಿ ತಿಂಗಳಲ್ಲಿ ವಾಸಿಯಾಯಿತು, ಮೈ ತುಂಬ ಹೊಸ ಕೂದಲು ಬಂತು. ಮುಂದೆ ಅದು ಮರಿ ಹಾಕಿದಾಗ ಒಂದು ಕೆಂದ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತವರಿಗೆ ಹೋದೆ. ಬಸ್ಸಿಳಿದು ನೇರ ಹೊಲಕ್ಕೆ ನಡೆದೆ.

ಕಾಕಾ ಹತ್ತಿ ಬಿಡಿಸುತ್ತಿದ್ದ. ಬುಟ್ಟಿಯ ಬಟ್ಟೆ ಸರಿಸಿದೆ. ಮರಿ ತಲೆ ಎತ್ತಿ ಅವನ ಕೈ ಮೂಸಲು ಹೋಯಿತು. ಅವನು ಕೈ ಹಿಂದಕ್ಕೆ ತೆಗೆದ.

"ಬ್ಯಾಡಬೇ. ಒಂದಕ್ಕ ಹತ್ತಿಸಿದ್ದು ಸಾಕು. ತಗೊಂಡ ಹೋಗು."

ನಾನು ಅಲ್ಲೇ ಸಾಲಿನ ನಡುವೆ ಕುಳಿತು ಎಲ್ಲ ಹೇಳಿದೆ. ನರಿಯ ಹುಳು, ಗಂಧಕ, ಮೂರು ವಾರ, ನದಾಫ ಅಜ್ಜ ಅಂಗಳದಲ್ಲಿ ಕಡ್ಡಿಯಿಂದ ಕಿವಿ ಉಜ್ಜಿದ್ದು, ಅದು ಬೇರೆ ಇದು ಬೇರೆ ಎಂದದ್ದು. ನಿನ್ನಿಂದ ಏನೂ ಹತ್ತಲಿಲ್ಲ ಕಾಕಾ ಎಂದು ಅಳುತ್ತಲೇ ಹೇಳಿದೆ. ಅವನು ಉಡಿಯಲ್ಲಿದ್ದ ಹತ್ತಿಯನ್ನು ಬೆರಳಿನಿಂದ ಒತ್ತುತ್ತ ಪೂರಾ ಕೇಳಿದ.

"ಅಂವ ಗಾದಿ ಬಡ್ಯಾಕ ಬಂದದ್ದು, ನೀ ಮದ್ದ ಹಚ್ಚೂಕಿಂತ ಮೊದಲಲ್ಲೇನ?"

"ಹೌದ ಕಾಕಾ."

"ದವಾಖಾನ್ಯಾಗ ನಾ ಹಂಗಂದಾಗ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

ಅವನು ತಲೆಯಾಡಿಸಿದ. ಉಡಿ ಬಿಗಿದುಕೊಂಡು ಮುಂದಿನ ಸಾಲಿಗೆ ಹೋಗಿ ಹತ್ತಿ ಬಿಡಿಸತೊಡಗಿದ. ಅವನು ತಿರುಗಿ ನೋಡಲಿಲ್ಲ. ಮರಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ.

ಮುಂದಿನ ಪಂಚಮಿಗೆ ತವರಿಗೆ ಹೋದಾಗ ಮತ್ತೆ ಗುಡಿಸಲಿಗೆ ಹೋದೆ. ನನ್ನನ್ನು ಕಂಡ ಕೂಡಲೇ ಕಾಕಾ ಎದ್ದು ನಿಂತ. ಕಂಬಳಿ ಕೊಡವಿ ಹಾಸಿದ, ತಾನು ಅದರಿಂದ ದೂರ ಸರಿದು ನಿಂತ. ನನ್ನ ಅತ್ತೆ ಮಾವ ಬಂದಿದ್ದರೆ ಹೇಗೆ ಮಾತಾಡಿಸುತ್ತಿದ್ದನೋ ಹಾಗೆಯೇ ಕೈ ಮುಗಿದು, "ಬರ್ರಿ, ಕುಂದರ್ರಿ. ಎಲ್ಲಾರೂ ಆರಾಮ ಅದಾರೇನ್ರಿ?" ಎಂದ. ಸಾಯುವವರೆಗೂ ಅವನು ನನ್ನನ್ನು ಹಾಗೇ ಮಾತಾಡಿಸಿದ.